ಕಿರ್ದಿ ಒಂದು, ಖಾತೆ ಆರು

ಮೊನ್ನೆ ಶನಿವಾರ ಸಂಜೆ ಮಗಳನ್ನು ಕರೆದುಕೊಂಡು ನೋಟ್‌ಬುಕ್ ಕೊಳ್ಳೋಕೆ ಹೋಗಿದ್ದೆ. ಹದಿನೆಂಟು ತುಂಬಿದ ಹುಡುಗಿಗೆ ನೋಟ್‌ಬುಕ್ ಕೊಡಿಸೋಕೆ ಅಪ್ಪ ಯಾಕೆ ಬೇಕು ಅಂತ ನೀವು ಕೇಳಬಹುದು. ದಾರಿಯುದ್ದಕ್ಕೂ ಅವಳೂ ಅದನ್ನೇ ಕೇಳಿದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು. ಎಂಜಿನಿಯರಿಂಗಿನ ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಿತ್ತು. ಗಣಿತ ಹೋಗಿತ್ತು.

ನಾವಿರೋದು ಅಹಮದಾಬಾದಿನ ನವರಂಗಪುರದಲ್ಲಿ. ಈ ಕಡೆ ಬರದವರಿಗೆ ಒಂದು ಮಾತು ಹೇಳಬೇಕು. ಧಾರವಾಡದಲ್ಲಿ ಸಪ್ತಾಪುರ ಹೇಗೋ ಇಲ್ಲಿ ನವರಂಗಪುರ ಹಾಗೆ, ಕಾಲಿಟ್ಟಲ್ಲೆಲ್ಲ ವಿದ್ಯಾರ್ಥಿಗಳು. ಗುಜರಾತ್ ವಿಶ್ವವಿದ್ಯಾಲಯ ಇಲ್ಲೇ, ಎಲ್.ಡಿ. ಎಂಜಿನಿಯರಿಂಗ್ ಕಾಲೇಜು ಇಲ್ಲೇ, ಎಚ್.ಎಲ್. ಕಾಮರ್ಸ್ ಇಲ್ಲೇ, ಸೇಂಟ್ ಝೇವಿಯರ್ಸ್ ಇಲ್ಲೇ. ವಿಕ್ರಮ್ ಸಾರಾಭಾಯಿ 1947ರಲ್ಲಿ ಕಟ್ಟಿದ ಭೌತ ಸಂಶೋಧನಾ ಪ್ರಯೋಗಾಲಯವೂ ಇಲ್ಲೇ. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿದ ನಮ್ಮ ಯು.ಆರ್. ರಾವ್, ಅದೇ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದದ್ದು ಈ ಊರಿನಿಂದಲೇ. ಅದರ ಮುಂದೆ ಹೋಗುವಾಗಲೆಲ್ಲ ನಾನು ಮಗಳಿಗೆ ಈ ಕತೆ ಹೇಳುತ್ತೇನೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ. ಇರಲಿ.

ಅಂಗಡಿಯಲ್ಲಿ ಅವಳು ನೇರ ಹೋಗಿ ಎತ್ತಿಕೊಂಡಿದ್ದು ದಪ್ಪ ರಟ್ಟಿನ, ಸುರುಳಿ ತಂತಿಯ, ಒಳಗೆ ಐದು ಬಣ್ಣದ ಪ್ಲಾಸ್ಟಿಕ್ ಹಾಳೆಗಳಿಂದ ಐದು ಭಾಗ ಮಾಡಿದ ನೋಟ್‌ಬುಕ್ಕು. ಜೊತೆಗೆ ತಿಳಿಗುಲಾಬಿ, ತಿಳಿಹಸಿರು ಹೈಲೈಟರ್‌ಗಳ ಒಂದು ಸೆಟ್ಟು, ಅಂಟಿಸುವ ಹಳದಿ ಚೀಟಿಗಳ ಕಟ್ಟು. ನಾನು ಬೆಲೆ ನೋಡಿದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕಿನ ಮೇಲಿದ್ದ ಶೇಕಡಾ 12ರ ಜಿಎಸ್‌ಟಿ ಪೂರ್ತಿ ತೆಗೆದಿದ್ದಾರಲ್ಲ, ಆ ಉಳಿತಾಯವೆಲ್ಲ ಈ ಒಂದು ಸುರುಳಿಯಲ್ಲೇ ಸುತ್ತಿಕೊಂಡು ಹೋಯಿತು ಅನ್ನಿಸಿತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಂಗಡಿಯವ ನನ್ನ ಕಡೆ ತಿರುಗಿ ಗುಜರಾತಿಯಲ್ಲಿ, "ಕಾಕಾ, ನಿಮಗ್ಯಾವ ಚೋಪಡೋ ಕೊಡಲಿ?" ಅಂದ.

ಚೋಪಡೋ! ಮೂವತ್ತು ವರ್ಷದಿಂದ ಕೇಳುತ್ತಿರುವ ಪದ. ಆದರೆ ಅವತ್ತು ಅದು ನನ್ನನ್ನು ಸೀದಾ ಬ್ಯಾಡಗಿಗೆ ಕರೆದುಕೊಂಡು ಹೋಯಿತು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಗುಜರಾತಿಯಲ್ಲಿ ಚೋಪಡೋ ಅಂದರೆ ಬರೆಯುವ ಪುಸ್ತಕವೂ ಹೌದು, ಲೆಕ್ಕದ ಪುಸ್ತಕವೂ ಹೌದು. ದೀಪಾವಳಿ ದಿನ ಇಲ್ಲಿ ಚೋಪಡಾ ಪೂಜೆ. ಕೆಂಪು ಬಟ್ಟೆಯ ರಟ್ಟಿನ ಹೊಸ ಲೆಕ್ಕದ ಪುಸ್ತಕಕ್ಕೆ ಕುಂಕುಮದಲ್ಲಿ ಸ್ವಸ್ತಿಕ ಬರೆದು, 'ಶುಭ', 'ಲಾಭ' ಅಂತ ಬರೆದು ಪೂಜೆ ಮಾಡುತ್ತಾರೆ. ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ, ಆದರೂ ಲ್ಯಾಪ್‌ಟಾಪಿನ ಪಕ್ಕ ಒಂದು ಕೆಂಪು ಪುಸ್ತಕ ಇರಲೇಬೇಕು. ಹಳೇ ಊರಿನ ಗಾಂಧಿ ರಸ್ತೆಯ ಫರ್ನಾಂಡಿಸ್ ಪುಲ್ ಹತ್ತಿರ ಇದಕ್ಕೇ ಒಂದು ಬಜಾರಿದೆ, ದೀಪಾವಳಿ ಮುಂಚೆ ಅಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ನಮ್ಮಲ್ಲಿ ನವರಾತ್ರಿಗೆ ಸರಸ್ವತಿ ಪೂಜೆ ಅಂತ ಪುಸ್ತಕ ಜೋಡಿಸಿ ಇಡುತ್ತೇವಲ್ಲ, ಓದೋದರಿಂದ ಅಧಿಕೃತವಾಗಿ ರಜೆ ಸಿಗುವ ಆ ಚಂದದ ದಿನ! ಇವರಿಗೆ ಅದು ಲೆಕ್ಕದ ಪುಸ್ತಕಕ್ಕೆ. ಮೊದಮೊದಲು ನಾನು ನಕ್ಕಿದ್ದುಂಟು, ಇವರ ಸರಸ್ವತಿಯೂ ಲಕ್ಷ್ಮಿಯೇ ಅಂತ. ಆಮೇಲೆ ನೆನಪಾಯಿತು, ನಮ್ಮಪ್ಪ ಮಾಡುತ್ತಿದ್ದದ್ದೂ ಅದನ್ನೇ.

ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಓದಿದ್ದು ಮುಲ್ಕಿ, ಅಂದರೆ ಏಳನೇ ಇಯತ್ತೆ. ಅವನ ಮುಂದೆ ಯಾವಾಗಲೂ ಎರಡು ಪುಸ್ತಕ. ಒಂದು ಕಿರ್ದಿ, ಇನ್ನೊಂದು ಖಾತೆ. ಕಿರ್ದಿ ಅಂದರೆ ದಿನದ ಪುಸ್ತಕ. ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಏನೇನು ನಡೆಯಿತೋ ಎಲ್ಲ, ನಡೆದ ಕ್ರಮದಲ್ಲೇ. ಯಾರೋ ರೈತನ ಹತ್ತು ಚೀಲ ಬಂತು, ಹಮಾಲಿ ಕೊಟ್ಟದ್ದು ಇಷ್ಟು, ಚಹಾಕ್ಕೆ ಇಷ್ಟು, ಇನ್ನೊಬ್ಬ ಹಳೇ ಸಾಲ ತೀರಿಸಿದ. ಸಂಜೆ ಪೇಟೆ ತಣ್ಣಗಾದ ಮೇಲೆ ಅಪ್ಪ ಕಿರ್ದಿ ಎದುರಿಗಿಟ್ಟುಕೊಂಡು, ಒಂದೊಂದೇ ಸಾಲನ್ನು ಆಯಾ ವ್ಯಕ್ತಿಯ ಖಾತೆಗೆ ಎತ್ತಿ ಬರೆಯುತ್ತಿದ್ದ. ಇದಕ್ಕೆ ಖತಾವಣಿ ಅನ್ನೋರು. ಗುಜರಾತಿಯಲ್ಲಿ ಕಿರ್ದಿಗೆ ರೋಜ್‌ಮೇಳ್ ಅಂತಾರೆ, ಖಾತೆ ಪುಸ್ತಕಕ್ಕೆ ಖಾತಾವಹಿ. ಹೆಸರು ಬೇರೆ, ಕೆಲಸ ಅದೇ.

ಈಗ ನನ್ನ ಕತೆಗೆ ಬರೋಣ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿ ಹೇಗೋ ದಾಟಿ 1989ರಲ್ಲಿ ಬಿ.ಎಸ್ಸಿ. ಸೇರಿದೆ. ಕಾಲೇಜಿನ ಹೆಸರು ಬೇಡ, ಆ ಕಾಲದಲ್ಲಿ ಎಲ್ಲ ಕಡೆ ಪರಿಸ್ಥಿತಿ ಅದೇ ಇತ್ತು. ಮೇಷ್ಟ್ರು ಇಂಗ್ಲಿಷಿನಲ್ಲಿ ನೋಟ್ಸ್ ಹೇಳುತ್ತಾ ಹೋಗೋರು, ನಾವು ಬರೆಯುತ್ತಾ ಹೋಗೋದು. ನನಗೆ ಅವರ ವೇಗಕ್ಕೆ ಇಂಗ್ಲಿಷ್ ಅಕ್ಷರ ಬರೆಯೋಕೆ ಆಗುತ್ತಿರಲಿಲ್ಲ. ಹಾಗಾಗಿ ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಗೀಚಿಕೊಳ್ಳುತ್ತಿದ್ದೆ. 'ಈಕ್ವಿಲಿಬ್ರಿಯಂ', 'ಸ್ಪಾಂಟೇನಿಯಸ್', 'ಎಂಟ್ರೊಪಿ'. ಅರ್ಥ? ಅದು ಯಾರಿಗೆ ಬೇಕಿತ್ತು! ರಾತ್ರಿ ರೂಮಿಗೆ ಬಂದು ಗೆಳೆಯನ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಲಾಂಗ್ ನೋಟ್‌ಬುಕ್ಕಿನಲ್ಲಿ ಚಂದ ಮಾಡಿ ಬರೆಯುತ್ತಿದ್ದೆ. ತಲೆಬರಹಕ್ಕೆ ಹಸಿರು ಶಾಯಿ, ಅಡಿಗೆರೆಗೆ ಕೆಂಪು. ಕಂದು ಕಾಗದದ ಬೈಂಡು, ಮೇಲೆ ಲೇಬಲ್ಲು. ನನ್ನ ಅಕ್ಷರ ಮುತ್ತಿನ ಹಾಗಿತ್ತು (ನಂಬಿ, ಈಗಿನದು ನೋಡಬೇಡಿ). ಪರೀಕ್ಷೆ ಹತ್ತಿರ ಬಂದರೆ ಅರ್ಧ ಹಾಸ್ಟೆಲ್ಲು ನನ್ನ ಪುಸ್ತಕಕ್ಕೆ ಸರದಿ ಹಚ್ಚುತ್ತಿತ್ತು.

ಫಲಿತಾಂಶ ಬಂತು. ನನ್ನ ನೋಟ್ಸ್ ಓದಿದವರೆಲ್ಲ ಪಾಸು. ಭೌತ ರಸಾಯನಶಾಸ್ತ್ರದಲ್ಲಿ ನಾನು ಫೇಲು.

ಊರಿಗೆ ಹೋಗಿ ಅಪ್ಪನಿಗೆ ಹೇಳಬೇಕಲ್ಲ. ಹೇಳಿದೆ. ಬೈಯಲಿಲ್ಲ. "ಪುಸ್ತಕ ತಾ" ಅಂದ. ಕೊಟ್ಟೆ. ಇಂಗ್ಲಿಷ್ ಬಾರದ ಮನುಷ್ಯ ಒಂದೊಂದೇ ಹಾಳೆ ತಿರುಗಿಸಿ ಪೂರ್ತಿ ನೋಡಿದ. ಹಸಿರು, ಕೆಂಪು, ಗೆರೆ, ಚಿತ್ರ. ಆಮೇಲೆ ಕೇಳಿದ:

"ಅಕ್ಷರ ಛಲೋ ಅದಾವು. ಆದ್ರ ಇದೆಲ್ಲಾ ಕಿರ್ದಿನ ಐತಲ್ಲೋ ತಮ್ಮಾ. ನಿನ್ನ ಖಾತೆ ಎಲ್ಲೈತಿ?"

ನನಗೆ ಅರ್ಥವಾಗಲಿಲ್ಲ. "ಮಾಸ್ತರು ಏನಂದ್ರು ಅನ್ನೂದು ಇದರಾಗ ಐತಿ. ನಿನಗೇನು ಬಂತು, ಏನು ಬರಲಿಲ್ಲ, ಅದೆಲ್ಲಿ ಬರದೀ? ಬರೇ ಕಿರ್ದಿ ಬರದು ಮಡಚಿಟ್ಟರ ಯಾರು ಎಷ್ಟು ಕೊಡಬೇಕು ಅನ್ನೂದು ವರ್ಷ ಮುಗದರೂ ತಿಳಿಯಂಗಿಲ್ಲ" ಅಂದ.

ನೋಟ್ಸ್ ಬರೆಯುವ ವಿಷಯದಲ್ಲಿ ನನಗೆ ಸಿಕ್ಕ ಏಕೈಕ ಪಾಠ ಅದು. ನಾನು ಮಾಡುತ್ತಿದ್ದದ್ದು ಒಂದು ಕಿರ್ದಿಯಿಂದ ಇನ್ನೊಂದು ಕಿರ್ದಿಗೆ ನಕಲು, ಅಷ್ಟೇ. ಎರಡು ಸಲ ಬರೆದರೂ ಒಂದು ಸಲವೂ ಯೋಚಿಸಿರಲಿಲ್ಲ. ಆ ರಜೆಯಲ್ಲಿ ಅಪ್ಪ ಹೇಳಿದ ಹಾಗೆ ಖಾತೆ ತೆರೆದೆ. ಒಂದು ಅಧ್ಯಾಯಕ್ಕೆ ಎದುರುಬದುರು ಎರಡು ಪುಟ. ಎಡಗಡೆ ಜಮಾ, ಅಂದರೆ ಪುಸ್ತಕ ಮುಚ್ಚಿಟ್ಟು ನನ್ನ ಮಾತಿನಲ್ಲಿ ನಾನು ಹೇಳಬಲ್ಲದ್ದು. ಬಲಗಡೆ ಬಾಕಿ, ಅಂದರೆ ನನಗೆ ತಿಳಿಯದ್ದು. ಮೊದಲ ವಾರ ಎಡಗಡೆ ಖಾಲಿ, ಬಲಗಡೆ ತುಂಬಿ ತುಳುಕಾಟ. ಆರು ತಿಂಗಳು ಕಂದು ಬೈಂಡಿನೊಳಗೆ ಮುಚ್ಚಿಟ್ಟಿದ್ದ ನನ್ನ ದಿವಾಳಿತನ ಎರಡೇ ಪುಟದಲ್ಲಿ ಹೊರಗೆ ಬಂತು! ಆದರೆ ಸಾಲ ಎಷ್ಟಿದೆ ಅಂತ ಗೊತ್ತಾದ ಮೇಲೆ ತೀರಿಸೋದು ಅಷ್ಟು ಕಷ್ಟವಲ್ಲ ನೋಡಿ. ಮರುಪರೀಕ್ಷೆಯಲ್ಲಿ ಪಾಸಾದೆ. ಆ ಜಮಾ ಪುಟವೆಲ್ಲ ಕನ್ನಡದಲ್ಲಿತ್ತು, ಸೂತ್ರ ಮತ್ತು ವ್ಯಾಖ್ಯೆ ಮಾತ್ರ ಇಂಗ್ಲಿಷಿನಲ್ಲಿ.

1994ರಲ್ಲಿ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದೆ. ವಟವಾದ ಬಣ್ಣದ ರಾಸಾಯನಿಕಗಳ ಕಾರ್ಖಾನೆಯೊಂದರ ಪ್ರಯೋಗಾಲಯ. ಅಲ್ಲಿ ಮೊದಲ ದಿನ ಕೈಗೆ ಕೊಟ್ಟದ್ದೇನು ಗೊತ್ತಾ? ಪುಟಸಂಖ್ಯೆ ಅಚ್ಚಾದ, ಹೊಲಿಗೆ ಹಾಕಿದ ಒಂದು ನೋಟ್‌ಬುಕ್ಕು. ಹಾಳೆ ಹರಿಯುವ ಹಾಗಿಲ್ಲ. ತಪ್ಪಾದರೆ ಅಳಿಸುವ ಹಾಗಿಲ್ಲ, ಓದಲು ಬರುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸಹಿ, ತಾರೀಖು. ಅಪ್ಪನ ಕಿರ್ದಿಯಲ್ಲೂ ಇದೇ ನಿಯಮ ಇತ್ತು. ಬಿಳಿ ಕೋಟು ಹಾಕಿಕೊಂಡು ನಾನು ಬರೆಯುತ್ತಿದ್ದದ್ದೂ ಕಿರ್ದಿಯೇ. ವಾರದ ಕೊನೆಗೆ ಒಪ್ಪಿಸುವ ವರದಿ ಖಾತೆ.

ಇದು ಬ್ಯಾಡಗಿ ಗುಮಾಸ್ತನ ಬುದ್ಧಿ ಅಂತ ನೀವು ತಳ್ಳಿಹಾಕಬಾರದಲ್ಲ, ಅದಕ್ಕೆ ಸ್ವಲ್ಪ ದೊಡ್ಡವರ ಸಾಕ್ಷಿ ಕೊಡುತ್ತೇನೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ಲುಕಾ ಪಾಚಿಯೋಲಿ ಎಂಬ ಸಂನ್ಯಾಸಿ, ವ್ಯಾಪಾರಿಗೆ ಮೂರು ಪುಸ್ತಕ ಬೇಕು ಅಂತ ವಿವರಿಸಿದ. ನಡೆದದ್ದನ್ನು ಹಾಗೇ ಗೀಚುವ ಒಂದು, ಅದನ್ನು ಕ್ರಮಪಡಿಸುವ ಇನ್ನೊಂದು, ಖಾತೆವಾರು ಹಂಚುವ ಮತ್ತೊಂದು. ಮೊದಲನೆಯದಕ್ಕೆ ಇಂಗ್ಲಿಷ್ ವ್ಯಾಪಾರಿಗಳು 'ವೇಸ್ಟ್ ಬುಕ್' ಅಂತ ಕರೆಯುತ್ತಿದ್ದರು. ಹದಿನೆಂಟನೇ ಶತಮಾನದ ಜರ್ಮನ್ ಭೌತವಿಜ್ಞಾನಿ ಲಿಖ್ಟನ್‌ಬರ್ಗ್, ಓದುವವರೂ ಈ ವ್ಯಾಪಾರಿಗಳ ಪದ್ಧತಿಯನ್ನೇ ಹಿಡಿಯಬೇಕು ಅಂತ ಬರೆದಿಟ್ಟ, ತಾನೂ ವರ್ಷಾನುಗಟ್ಟಲೆ ಅಂಥ ಪುಸ್ತಕ ಇಟ್ಟ. ನ್ಯೂಟನ್ ಬಳಿಯೂ ಒಂದು 'ವೇಸ್ಟ್ ಬುಕ್' ಇತ್ತು. ಮಲತಂದೆ ಬಿಟ್ಟುಹೋದ ಭಾರೀ ಪುಸ್ತಕ, ಹೆಚ್ಚಿನ ಹಾಳೆ ಖಾಲಿ. ಕಾಗದ ದುಬಾರಿಯಾಗಿದ್ದ ಕಾಲ, ಹುಡುಗ ಅದನ್ನೇ ಇಟ್ಟುಕೊಂಡ. 1660ರ ದಶಕದಲ್ಲಿ ಕ್ಯಾಲ್ಕುಲಸ್ ಮತ್ತು ಚಲನೆಯ ಲೆಕ್ಕಗಳನ್ನು ಆತ ಮಾಡಿಕೊಂಡದ್ದು ಅದರಲ್ಲಿ. ಆ ಪುಸ್ತಕ ಈಗಲೂ ಕೇಂಬ್ರಿಜ್‌ನಲ್ಲಿದೆ. ಮಗಳು ಯಾವ ಗಣಿತದಲ್ಲಿ ಫೇಲಾದಳೋ ಅದರ ಮೊದಲ ಗೀಚು ಇದ್ದದ್ದು ಹಳೇ ಪುಸ್ತಕದ ಉಳಿದ ಹಾಳೆಗಳಲ್ಲಿ, ಐದು ಬಣ್ಣದ ಪ್ಲಾಸ್ಟಿಕ್ಕಿನ ನಡುವೆ ಅಲ್ಲ!

ಉಳಿದ ಹಾಳೆ ಅಂದಾಗ ನೆನಪಾಯಿತು. ಬೇಸಿಗೆ ರಜೆಯಲ್ಲಿ ನಮ್ಮವ್ವ ಹಳೇ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನೆಲ್ಲ ಕಿತ್ತು, ದಬ್ಬಣದಲ್ಲಿ ಹೊಲಿದು ರಫ್ ಪುಸ್ತಕ ಮಾಡಿಕೊಡುತ್ತಿದ್ದಳು. ಒಂದರಲ್ಲಿ ಎರಡು ಗೆರೆ, ನಾಲ್ಕು ಗೆರೆ, ಚೌಕುಳಿ ಎಲ್ಲ ಕೂಡಿರುತ್ತಿತ್ತು. ಇಲ್ಲಿ ಸಾಬರಮತಿ ದಂಡೆಯ ಆಶ್ರಮದಲ್ಲಿದ್ದ ಗಾಂಧೀಜಿ ಬಂದ ಪತ್ರಗಳ ಖಾಲಿ ಬದಿಯಲ್ಲಿ ಬರೆಯುತ್ತಿದ್ದರಂತಲ್ಲ, ಅವರು ನೋಡಿದ್ದರೆ ನಮ್ಮವ್ವನಿಗೆ ಶಹಬ್ಬಾಸ್ ಅನ್ನುತ್ತಿದ್ದರು.

ಸರಿ, ಹಾಗಾದರೆ ಕಾಲೇಜಿಗೆ ಯಾವ ನೋಟ್‌ಬುಕ್ ಕೊಳ್ಳಬೇಕು? ನನ್ನ ಅಭಿಪ್ರಾಯ ಇಷ್ಟು. ದಿನಾ ಚೀಲದಲ್ಲಿ ಹೋಗಬೇಕಾದದ್ದು ಒಂದೇ ಪುಸ್ತಕ, ಕಿರ್ದಿ. ಎಲ್ಲ ವಿಷಯವೂ ಅದರಲ್ಲೇ, ನಡೆದ ಕ್ರಮದಲ್ಲೇ. ಪುಟದ ಮೇಲೆ ತಾರೀಖು, ವಿಷಯದ ಹೆಸರು, ಮೂಲೆಯಲ್ಲಿ ಪುಟಸಂಖ್ಯೆ. ಇದು ಹೊಲಿಗೆಯದ್ದೇ ಆಗಿರಲಿ. ಸುರುಳಿ ತಂತಿಯದ್ದು ಬೇಡ, ಅದರಲ್ಲಿ ಹಾಳೆ ಹರಿಯೋದು ಸುಲಭ, ಸುಲಭವಾದದ್ದನ್ನು ಮಕ್ಕಳು ಮಾಡೇ ಮಾಡುತ್ತಾರೆ. ಬರೀ ಗೋಂದು ಹಚ್ಚಿದ್ದೂ ಬೇಡ, ಸೆಮಿಸ್ಟರ್ ಮುಗಿಯೋದರೊಳಗೆ ಹಾಳೆಗಳು ಕಳಚಿಕೊಳ್ಳುತ್ತವೆ.

ಖಾತೆಗೆ ಮಾತ್ರ ಬಿಡಿ ಹಾಳೆಯೇ ಒಳ್ಳೆಯದು. ವಿಷಯಕ್ಕೊಂದರಂತೆ ಆರು ಸಾದಾ ಫೈಲು, ತೂತು ಹಾಕಿದ ಹಾಳೆ. ಯಾಕೆಂದರೆ ಯಾವ ಅಧ್ಯಾಯ ಎಷ್ಟು ಬೆಳೆಯುತ್ತದೆ ಅಂತ ಮೊದಲೇ ಗೊತ್ತಿರೋದಿಲ್ಲ. ಅಪ್ಪ ಪ್ರತಿ ಖಾತೆಗೂ ಅಂದಾಜಿನ ಮೇಲೆ ಹಾಳೆ ಬಿಟ್ಟು, ಕಡಿಮೆ ಬಿದ್ದಾಗ 'ಮುಂದೆ ಪುಟ ಇಂತಿಷ್ಟು ನೋಡುವುದು' ಅಂತ ಬರೆದು ಒದ್ದಾಡೋನು. ಬಿಡಿ ಹಾಳೆಯಾದರೆ ಎಲ್ಲಿ ಬೇಕಾದರೂ ಸೇರಿಸಬಹುದು. ಮೊದಲ ಹಾಳೆ ಅನುಕ್ರಮಣಿಕೆ. ಪ್ರತಿ ಖಾತೆಯ ಪಕ್ಕ ಕಿರ್ದಿಯ ಪುಟಸಂಖ್ಯೆ, ಅನುಮಾನ ಬಂದರೆ ಹಿಂದಕ್ಕೆ ಹೋಗಿ ನೋಡೋಕೆ.

ತೂಕದ ಲೆಕ್ಕವೂ ನೋಡಿ. ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರ್. 70 ಗ್ರಾಂ ಕಾಗದದ 200 ಪುಟದ, ಅಂದರೆ 100 ಹಾಳೆಯ ಪುಸ್ತಕ ರಟ್ಟು ಬಿಟ್ಟು ಸುಮಾರು 440 ಗ್ರಾಂ. ಅಂಥ ಆರು ಹೊತ್ತರೆ ಎರಡೂವರೆ ಕಿಲೋಗೂ ಮೇಲೆ! ಒಂದೇ ಕಿರ್ದಿಯಾದರೆ ಅರ್ಧ ಕಿಲೋದೊಳಗೆ. ಕಾಗದ ತೀರಾ ತೆಳುವಾದರೆ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ, ಅದೊಂದು ನೋಡಿಕೊಂಡರೆ ಸಾಕು. ಉಳಿದದ್ದೆಲ್ಲ ರಟ್ಟಿನ ಮೇಲಿನ ಚಿತ್ರ.

ಇಷ್ಟನ್ನೂ ಅಂಗಡಿಯಲ್ಲೇ ನಿಂತು ಹೇಳಿದೆ ಅಂದುಕೊಳ್ಳಬೇಡಿ. ಅಲ್ಲಿ ಹೇಳಿದ್ದು ಎರಡೇ ಮಾತು. ಮಗಳು ಫೋನ್ ತೆಗೆದು ತೋರಿಸಿದಳು. "ಪಪ್ಪಾ, ನನ್ನ ಹತ್ರ ಎಲ್ಲಾ ನೋಟ್ಸ್ ಇದೆ." ನಿಜ, ಇತ್ತು. ಬೋರ್ಡಿನ ಫೋಟೋ, ಗೆಳತಿಯ ಪುಸ್ತಕದ ಫೋಟೋ, ಸೀನಿಯರ್ ಕಳಿಸಿದ ಪಿಡಿಎಫ್, ಗ್ರೂಪಿನಲ್ಲಿ ಬಂದದ್ದು, ಎಲ್ಲ. ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇದ್ದಳು, ಮುಗಿಯಲೇ ಇಲ್ಲ. ಗಣಿತದ್ದೇ ನೂರಾರು ಇರಬೇಕು. "ಇದರಲ್ಲಿ ತಿರುಗಿ ನೋಡಿದ್ದು ಎಷ್ಟು?" ಅಂದೆ. ಮಾತಾಡಲಿಲ್ಲ. ಮುಖ ನೋಡಿ ನನಗೇ ಕೇಳಬಾರದಿತ್ತು ಅನ್ನಿಸಿತು. ನಮ್ಮಪ್ಪ ಪುಟ ತಿರುಗಿಸುವಾಗ ನನ್ನ ಮುಖ ಹೀಗೇ ಇದ್ದಿರಬೇಕು.

ನಾನು ಫೋನಿನ ಶತ್ರುವಲ್ಲ. ಈ ಪುಟ ಬರೆಯುತ್ತಿರೋದೂ ಕೀಲಿಮಣೆಯ ಮೇಲೇ. ಕೈಬರಹ ಮೇಲೋ ಲ್ಯಾಪ್‌ಟಾಪ್ ಮೇಲೋ ಅನ್ನೋ ಜಗಳವೂ ಅಷ್ಟು ಸುಲಭಕ್ಕೆ ಮುಗಿಯೋದಲ್ಲ. 2014ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುವವರು ಕೇಳಿದ್ದನ್ನು ಹಾಗೆಹಾಗೇ ಇಳಿಸುತ್ತಾರೆ, ವಿಚಾರದ ಪ್ರಶ್ನೆಗಳಲ್ಲಿ ಹಿಂದೆ ಬೀಳುತ್ತಾರೆ ಅಂತ ತೋರಿಸಿದ್ದರು. 2019ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ನನಗನ್ನಿಸೋದು, ಪೆನ್ನೋ ಕೀಲಿಯೋ ಅನ್ನೋದು ಮುಖ್ಯವಲ್ಲ. ಹಾಗೆಹಾಗೇ ಇಳಿಸಿದ್ದು ಎಲ್ಲಿದ್ದರೂ ಕಿರ್ದಿಯೇ. ನಾನು ಪೆನ್ನಿನಲ್ಲೇ ಬರೆದೆನಲ್ಲ, ಎರಡು ಬಣ್ಣದಲ್ಲಿ ಬರೆದೂ ಫೇಲಾದೆ. ಫೋಟೋ ಅಂತೂ ಇನ್ನೊಬ್ಬರ ಕಿರ್ದಿ. ಇನ್ನೊಬ್ಬರ ಕಿರ್ದಿ ನಮ್ಮ ಕಪಾಟಿನಲ್ಲಿದ್ದರೆ ನಮ್ಮ ಸಾಲ ತೀರೋದಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಪ್ರಾಧ್ಯಾಪಕರ ಹೆಸರಿನಲ್ಲಿ ಒಂದು ಪದ್ಧತಿ ಇದೆ, ಮಗಳಿಗೂ ಗೊತ್ತಿತ್ತು. ಪುಟದ ಎಡಕ್ಕೆ ಕಿರಿದಾದ ಒಂದು ಕಾಲಂ ಬಿಡೋದು, ಕೆಳಗೆ ಸ್ವಲ್ಪ ಜಾಗ ಬಿಡೋದು. ತರಗತಿಯಲ್ಲಿ ಬಲಗಡೆ ಬರೆದು, ಆಮೇಲೆ ಎಡಗಡೆ ಪ್ರಶ್ನೆ, ಕೆಳಗಡೆ ತನ್ನ ಮಾತಿನಲ್ಲಿ ಸಾರಾಂಶ. ಚಂದದ ಪದ್ಧತಿ. ಇದರ ಗೆರೆ ಹಾಕಿದ ಪುಸ್ತಕವೇ ಸಿಗುತ್ತದೆ. ಮಗಳು ಮೊದಲ ಸೆಮಿಸ್ಟರಿಗೆ ತೆಗೆದುಕೊಂಡಿದ್ದಳು ಕೂಡ. ಎಡಗಡೆ ಖಾಲಿ, ಕೆಳಗಡೆ ಖಾಲಿ! ಗೆರೆಯನ್ನು ಅಂಗಡಿಯಲ್ಲಿ ಕೊಳ್ಳಬಹುದು, 'ಆಮೇಲೆ' ಅನ್ನೋದನ್ನು ಎಲ್ಲಿ ಕೊಳ್ಳೋದು?

ಈ ಊರಿನಲ್ಲಿ ನವನೀತ್ ಅಂದರೆ ನೋಟ್‌ಬುಕ್ಕೂ ಹೌದು, ಗೈಡೂ ಹೌದು. 1959ರಿಂದ ಇರುವ ಸಂಸ್ಥೆ, ಗುಜರಾತಿನ ಮಕ್ಕಳಿಗೆ ಅದು ಮನೆಮಾತು. ಆ ಹೆಸರು ಕೇಳಿದಾಗಲೆಲ್ಲ ನನಗೆ ನಗು. ನವನೀತ ಅಂದರೆ ಬೆಣ್ಣೆ ತಾನೇ? ಬೆಣ್ಣೆಯನ್ನು ಅಂಗಡಿಯಿಂದ ತರಬಹುದು, ತಪ್ಪಿಲ್ಲ. ಆದರೆ ಕಡೆಯೋದು ಹೇಗೆ ಅಂತ ತಿಳಿಯಬೇಕಾದರೆ ಒಂದು ಸಲವಾದರೂ ಮೊಸರಿಗೆ ಕಡಗೋಲು ಹಾಕಲೇಬೇಕು.

ಮಗಳ ಆಕ್ಷೇಪಣೆಯನ್ನೂ ಹೇಳಿಬಿಡುತ್ತೇನೆ, ಅದರಲ್ಲಿ ಸತ್ಯ ಇದೆ. "ದಿನಾ ಸಂಜೆ ಖಾತೆ ಬರೆಯೋಕೆ ಟೈಮ್ ಎಲ್ಲಿದೆ ಪಪ್ಪಾ? ಲ್ಯಾಬು, ಸಬ್‌ಮಿಷನ್ನು, ಅಸೈನ್‌ಮೆಂಟು. ಅವೆಲ್ಲಾ ಕೈಯಲ್ಲೇ ಬರೀಬೇಕು. ಅದೂ ಕಾಪಿ ಮಾಡೋದೇ." ಹೌದು. ನಮ್ಮ ಕಾಲೇಜುಗಳು ಮಕ್ಕಳ ಕೈಯಿಂದ ಕಿರ್ದಿಯನ್ನೇ ಬರೆಸುತ್ತವೆ. ಹತ್ತು ಪ್ರಯೋಗ ಮಾಡಿ ಇಪ್ಪತ್ತು ಸಲ ನಕಲು ಮಾಡಿದ ಫೈಲು ಚಂದ ಇದ್ದರೆ ಅಂಕ. ಬಾಕಿ ಪುಟ ತೋರಿಸಿದರೆ ಅಂಕ ಕೊಡುವವರು ಯಾರು? 'ನನಗೆ ಇದು ತಿಳಿದಿಲ್ಲ' ಅಂತ ಬರೆದ ಹಾಳೆಯನ್ನು ನೋಡಿ ಖುಷಿಪಡುವ ಮೇಷ್ಟ್ರು ನನಗೂ ಸಿಗಲಿಲ್ಲ. ಸಿಕ್ಕಿದ್ದು ಒಬ್ಬ ಗುಮಾಸ್ತ. ಹಾಗಾಗಿ ಈ ಕೆಲಸ ಕಾಲೇಜಿನಿಂದ ಆಗೋದಲ್ಲ, ಮನೆಯಲ್ಲೇ ಆಗಬೇಕು ಅಂತ ನನ್ನ ವಾದ. ಅರ್ಧ ಗಂಟೆ ಇಲ್ಲದಿದ್ದರೆ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಜಮಾ ಬರೆಯೋಕೆ ಆಗದಿದ್ದರೆ ಬಾಕಿಯನ್ನಾದರೂ ಬರೆಯಲಿ. ಬಾಕಿ ಗೊತ್ತಿದ್ದವನು ಮುಳುಗೋದಿಲ್ಲ.

ಇನ್ನೊಂದು ಮಾತು, ನಮ್ಮಂಥ ಹೊರನಾಡಿನವರಿಗಾಗಿ. ಖಾತೆ ಯಾವ ಭಾಷೆಯಲ್ಲಿರಬೇಕು? ನನ್ನ ಮಗಳು ಓದಿದ್ದು ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ಕನ್ನಡ, ಗೆಳತಿಯರ ಜೊತೆ ಗುಜರಾತಿ. ಕನ್ನಡ ಮಾತಾಡುತ್ತಾಳೆ, ಓದೋಕೆ ಬರೋದಿಲ್ಲ. ಅದು ನನ್ನ ಖಾತೆಯಲ್ಲಿರುವ ಬಾಕಿ, ಅವಳದ್ದಲ್ಲ. ಸಿಟ್ಟು ಬಂದರೆ ಅವಳ ಬಾಯಲ್ಲಿ ಬರೋದು ಗುಜರಾತಿ. ನಾನು ಹೇಳಿದೆ, ನೀನು ಜಗಳ ಆಡುವ ಭಾಷೆಯಲ್ಲೇ ಖಾತೆ ಬರಿ. ಪರೀಕ್ಷೆಗೆ ಬೇಕಾದ ವ್ಯಾಖ್ಯೆ, ಸೂತ್ರ ಇಂಗ್ಲಿಷಿನಲ್ಲಿರಲಿ. 'ಅಂದರೆ ಏನು' ಅನ್ನೋದು ಮಾತ್ರ ನಿನ್ನದೇ ಮಾತಿನಲ್ಲಿರಲಿ. ಇದನ್ನು ಹೇಳುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ನನಗೆ ಎಂಟ್ರೊಪಿ ತಿಳಿದದ್ದು ಕನ್ನಡದಲ್ಲಿ. ಅವಳಿಗೆ ಗಣಿತ ತಿಳಿಯೋದಾದರೆ ಅದು ಗುಜರಾತಿಯಲ್ಲಿ. ತಿಳಿಯೋದು ಮುಖ್ಯ, ಅಲ್ವಾ? ಮುಖ್ಯ ಅಂತ ನನಗೇ ನಾಲ್ಕು ಸಲ ಹೇಳಿಕೊಂಡೆ.

ಅಂತೂ ಇಂತೂ ಒಪ್ಪಂದ ಆಯಿತು. ಸುರುಳಿ ಪುಸ್ತಕ ವಾಪಸ್. ಹೊಲಿಗೆಯ 200 ಪುಟದ್ದು ಒಂದು, ಆರು ಸಾದಾ ಫೈಲು, ಒಂದು ಕಟ್ಟು ತೂತಿನ ಹಾಳೆ. ತಿಳಿಗುಲಾಬಿ ಹೈಲೈಟರ್ ಮಾತ್ರ ಬಿಡಲಿಲ್ಲ. ಇರಲಿ, ನನ್ನ ಹಸಿರು ಶಾಯಿಯ ಮೊಮ್ಮಗಳು ಅದು.

ಮನೆಗೆ ಬಂದ ಮೇಲೆ ಅಟ್ಟದಿಂದ ನನ್ನ ಹಳೇ ಖಾತೆ ತೆಗೆದು ತೋರಿಸಿದೆ. ಎಡಗಡೆ ಪುಟ ಅವಳಿಗೆ ಓದಲು ಬರಲಿಲ್ಲ. "ಇದೇನು ಬರೆದಿದೆ?" ಅಂತ ಬಲಗಡೆ ಪುಟದ ತಲೆಯ ಮೇಲಿನ ಎರಡಕ್ಷರದ ಮೇಲೆ ಬೆರಳಿಟ್ಟಳು. "ಬಾಕಿ" ಅಂದೆ. ನಕ್ಕಳು. "ಇದು ಗುಜರಾತಿ ಪದ ಪಪ್ಪಾ!" "ಅಲ್ಲ, ಕನ್ನಡ ಪದ" ಅಂದೆ. ನಿಜ ಹೇಳಬೇಕೆಂದರೆ ಇಬ್ಬರದ್ದೂ ಅಲ್ಲ, ಅರಬ್ಬಿಯಿಂದ ಬಂದು ಎಲ್ಲರ ಮನೆಯಲ್ಲೂ ಸೇರಿಕೊಂಡ ಪದ. ಸಾಲ ಯಾರ ಮನೆಯಲ್ಲಿಲ್ಲ ಹೇಳಿ?

ರಾತ್ರಿ ನೀರು ಕುಡಿಯೋಕೆ ಎದ್ದಾಗ ಅವಳ ಕೋಣೆಯಲ್ಲಿ ದೀಪ ಇತ್ತು. ಬಾಗಿಲಿನಿಂದ ಇಣುಕಿದೆ. ಗಣಿತದ ಫೈಲು ತೆರೆದಿತ್ತು. ಎಡಗಡೆ ಪುಟ ಖಾಲಿ. ಬಲಗಡೆ ತಲೆಯ ಮೇಲೆ ಗುಜರಾತಿ ಅಕ್ಷರದಲ್ಲಿ 'ಬಾಕಿ' ಅಂತ ಬರೆದು, ಕೆಳಗೆ ಒಂದೊಂದಾಗಿ ಪಟ್ಟಿ ಮಾಡುತ್ತಿದ್ದಳು. ಹನ್ನೊಂದೋ ಹನ್ನೆರಡೋ ಆಗಿತ್ತು ಆಗಲೇ.

ಮುಂದಿನ ಪರೀಕ್ಷೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ಪಾಸಾದರೂ ಆಗಬಹುದು, ಇಲ್ಲದಿದ್ದರೂ ಇಲ್ಲ. ಆದರೆ ಆ ಖಾಲಿ ಎಡಪುಟ ನೋಡಿ ನನಗೆ ಸಮಾಧಾನ ಆಯಿತು. ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವವರಿದ್ದರೆ, ನೋಟ್‌ಬುಕ್ ಎಷ್ಟು ಚಂದ ಇದೆ ಅಂತ ನೋಡಬೇಡಿ. ನಮ್ಮಪ್ಪ ಕೇಳಿದ ಪ್ರಶ್ನೆಯನ್ನು ಒಂದು ಸಲ ಕೇಳಿ ನೋಡಿ, ಬೈಯದೆ.

"ಖಾತೆ ಎಲ್ಲೈತಿ?"